ಹೊಸ ಅಳಿಯ ಗೆದ್ದ ಆಟ

ಟಿ.ವಿ. ಆಟದ ಸೇತುವೆಯನ್ನು ಹಿಮಬಿಂದು ದಾಟಿದ್ದೇ ತಡ, ನಿಶಾಂತನಿಗೆ ಅನುಮಾನ ಬಂತು. ಅದೇ ಸೇತುವೆಯಿಂದ ಅವನು ಬೆಳಿಗ್ಗೆಯಿಂದ ಹತ್ತಾರು ಸಲ ಬಿದ್ದಿದ್ದ. ಅದೇನೋ ಆಟದ ವರಸೆ ತಿಳಿಯಲೆಂದು ಬೇಕಂತಲೇ ಬಿದ್ದದ್ದು, ಆ ಮಾತು ಬೇರೆ. ಆದರೆ ಕುಕ್ಕರಿನ ಕೂಗಿಗೆ ಕಿವಿಗೊಟ್ಟುಕೊಂಡೇ ಆಡಿದ ಹೆಂಡತಿ ಮೊದಲ ಸಲಕ್ಕೇ ದಾಟುವುದೆಂದರೇನು?

ತಿರುಗಿ ನೋಡಿದ. ಭಾವಮೈದುನ ಫಣಿ ಸೋಫಾದ ಮೂಲೆಯಲ್ಲಿ ಫೋನ್ ಒತ್ತುತ್ತಿದ್ದ. ಆಟ ಅವನ ಕಂಪನಿಯದೇ. ವಿಶಾಖಪಟ್ಟಣದ ಮಧುರವಾಡದಲ್ಲಿ ನಾಲ್ಕೈದು ಹುಡುಗರು ಸೇರಿ ಕಟ್ಟಿದ ಪುಟ್ಟ ಕಂಪನಿ. ಇನ್ನೂ ಪೂರ್ತಿಯಾಗದ ಆಟವನ್ನು ಸಂಕ್ರಾಂತಿಗೆ ವಿಜಯವಾಡದ ಮನೆಗೆ ತಂದು ಟಿ.ವಿ.ಗೆ ಜೋಡಿಸಿದ್ದ. ಮನೆಮಂದಿಯಲ್ಲಿ ಯಾರು ಮೊದಲು ಮುಗಿಸುತ್ತಾರೋ ಅವರ ಹೆಸರನ್ನು ಆಟದೊಳಗೇ ಹಾಕುವುದಾಗಿ ಮಾತು ಕೊಟ್ಟಿದ್ದ.

ನಿಶಾಂತನ ಕಣ್ಣೆಲ್ಲ ಆ ಹೆಸರಿನ ಮೇಲೆ. ಪರವಾಡದ ಔಷಧ ಕಾರ್ಖಾನೆಯ ಕೆಲಸ ಹೊಟ್ಟೆಪಾಡಿಗೆ. ನಾಲ್ಕು ಜನ ಅವನನ್ನು ಗುರುತಿಸುತ್ತಿದ್ದುದು ಅವನ ಯೂಟ್ಯೂಬ್ ಚಾನೆಲ್‌ನಿಂದ. ಅಲ್ಲಿ ಅವನು ಮಾಡುತ್ತಿದ್ದುದು ಒಂದೇ ಕೆಲಸ, ಸುಲಭದ ಹಂತ ಆರಿಸಿಕೊಂಡು ಆಡುವವರ ಮಾನ ಹರಾಜು ಹಾಕುವುದು. ಕಾರವಾರದಿಂದ ವಿಶಾಖಪಟ್ಟಣಕ್ಕೆ ಬಂದು ನೌಕಾಪಡೆಯಲ್ಲಿ ದುಡಿದ ಅಪ್ಪ ಇಂದುಧರರಿಗೆ ಇದೆಲ್ಲ ಕೆಲಸವಿಲ್ಲದವರ ಕಸುಬು. ಗಂಡಸಾಗಿ ಬೊಂಬೆ ಕುಣಿಸುತ್ತಾನೆ ಎಂದು ನೆಂಟರೆದುರೇ ಆಡಿಕೊಳ್ಳುತ್ತಿದ್ದರು. ಒಂದು ಆಟದಲ್ಲಿ ಹೆಸರು ಬಂದುಬಿಟ್ಟರೆ ಆ ಬಾಯಿ ಮುಚ್ಚುತ್ತದೆ ಎಂಬುದು ಮಗನ ಲೆಕ್ಕ.

ಕೇಳಿದಾಗ ಫಣಿ ಮುಚ್ಚಿಡಲಿಲ್ಲ. ಆಟದ ಕಷ್ಟವನ್ನು ಫೋನಿನಿಂದಲೇ ಏರಿಸಬಹುದು, ಇಳಿಸಬಹುದು. ಅಕ್ಕ ಪಾಪ ಎಂದು ಸ್ವಲ್ಪ ಇಳಿಸಿದ್ದನಂತೆ.

ನಿಶಾಂತ್ ಕೆಂಡವಾದ. ಕೈಲಾಗದವರಿಗಾಗಿ ಆಟವನ್ನೇ ಬಗ್ಗಿಸುವುದಾದರೆ ಆಟ ಯಾಕೆ, ಅಂಥವರು ಮನೆಯಲ್ಲಿ ಕೂತು ಚೌಕಾಬಾರ ಆಡಲಿ ಎಂದ. ಸುಲಭದಲ್ಲಿ ಗೆದ್ದು ಮೀಸೆ ತಿರುವುವವರು ಇನ್ನೊಬ್ಬರಿಂದ ಅನ್ನ ಕಲಸಿಸಿಕೊಂಡು ಉಣ್ಣುವವರು ಎಂದೂ ಸೇರಿಸಿದ. ಅಷ್ಟರಲ್ಲಿ ಅತ್ತೆ ಕೋಟೇಶ್ವರಮ್ಮ ಕಜ್ಜಾಯದಂಥ ಅರಿಸೆಲು ತಂದು, ಚೂರು ಚೂರಾಗಿ ಮುರಿದು, ತಟ್ಟೆಯನ್ನು ಅವನ ಕೈಗೆ ಎಟುಕುವಂತೆ ಇಟ್ಟರು. ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ. ಆ ಸೀಮೆಯಲ್ಲಿ ಹೊಸ ಅಳಿಯ, ಅವರ ಬಾಯಲ್ಲಿ ಅಲ್ಲುಡುಗಾರು, ದೇವರಿಗಿಂತ ಒಂದು ಕೈ ಮೇಲು.

"ಇನ್ಮೇಲೆ ಬೇರೆ ಯಾರಿಗೂ ಇಳಿಸಲ್ಲ, ಬಾವಗಾರು," ಎಂದ ಫಣಿ. ಅವನ ಅಜ್ಜಿ ಬಳ್ಳಾರಿಯವರು, ಹಾಗಾಗಿ ಆ ಮನೆಯಲ್ಲಿ ತೆಲುಗಿನ ಜೊತೆ ಕನ್ನಡವೂ ಓಡಾಡುತ್ತಿತ್ತು.

ನಿಶಾಂತ್ ಬಾಯಿಮಾತು ನಂಬುವವನಲ್ಲ. ಬೇರೆಯವರು ಆಡುವಾಗ ಫಣಿಯ ಫೋನ್ ಟಿ.ವಿ. ಪಕ್ಕದಲ್ಲಿರಬೇಕು ಎಂದು ಕಟ್ಟುನಿಟ್ಟು ಮಾಡಿದ. ಆಮೇಲೆ ಎಲ್ಲರ ಬಣ್ಣ ಬಯಲಾಯಿತು. ಹಿಮಬಿಂದು ಮೂರು ಹೆಜ್ಜೆಗೇ ಹೊಳೆಪಾಲು. ಮಾವ ದುರ್ಗಾಪ್ರಸಾದ್ ಅಷ್ಟೂ ಹೋಗಲಿಲ್ಲ. ದಿನಾ ಹೊಳೆಯ ಬ್ಯಾರೇಜಿನ ಮೇಲೆ ವಾಕಿಂಗ್ ಹೋಗುವವರು ಇಷ್ಟುದ್ದದ ಸೇತುವೆಗೆ ಸುಸ್ತಾದಿರಲ್ಲ ಎಂದು ಅಳಿಯ ಚುಚ್ಚಿದ. ಮಾವ ನಕ್ಕುಬಿಟ್ಟರು.

ಊಟದ ಹೊತ್ತಿಗೆ ನಿಶಾಂತ್ ಸೇತುವೆ ದಾಟಿದ. ಆದರೆ ಗುಡ್ಡದ ಮೇಲೊಬ್ಬ ಕಾವಲು ರಾಕ್ಷಸನಿದ್ದ. ಅವನ ಗದೆ ಬೀಳುವುದೇ ಕಾಣುತ್ತಿರಲಿಲ್ಲ, ಸತ್ತಮೇಲೆ ಗೊತ್ತಾಗುತ್ತಿತ್ತು. ಏಟು ತಿಂದೂ ತಿಂದೂ ನಿಶಾಂತನ ಮುಖ ಸಪ್ಪಗಾಯಿತು. ಎಲೆಯ ಮುಂದೆ ಕುಳಿತವನು ಉದ್ದಿನವಡೆಯಂಥ ಗಾರೆ ಒಂದಾದ ಮೇಲೆ ಎರಡನೆಯದು ಬೇಡವೆಂದ. ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು.

"ಹಬ್ಬಕ್ಕೆ ಬಂದ ಅಲ್ಲುಡುಗಾರಿಗೆ ನಮ್ಮನೇಲಿ ಯಾವುದೂ ಕಷ್ಟ ಆಗಬಾರದು, ನೋಡ್ಕೋ ಫಣಿ," ಎಂದರು ಕೋಟೇಶ್ವರಮ್ಮ.

ಫಣಿ ಎದ್ದು ಫ್ಯಾನು ಜೋರು ಮಾಡಿದ. ಊಟವಾದ ಮೇಲೆ ಮತ್ತೆ ಆಟ ಶುರುವಾದಾಗ ಮೂಲೆಗೆ ಹೋಗಿ ತಲೆತಗ್ಗಿಸಿ ಕುಳಿತ. ತಾನು ಕಟ್ಟಿದ ಆಟವನ್ನು ಮುಟ್ಟಲೂ ಹೆದರುವವನು ತಲೆ ಎತ್ತುವುದಾದರೂ ಹೇಗೆ ಎಂದು ನಿಶಾಂತ್ ಒಳಗೊಳಗೇ ನಕ್ಕ.

ಹೊಟ್ಟೆಗೆ ಬಿದ್ದದ್ದರಿಂದಲೋ ಏನೋ, ಕೈ ಕುದುರಿತು. ರಾಕ್ಷಸನ ಗುಟ್ಟು ಹೊಳೆಯಿತು. ಈಗ ಗದೆ ಮೇಲೇಳುವುದು ಕಾಣುತ್ತಿತ್ತು, ಇಳಿಯುವುದು ಕಾಣುತ್ತಿತ್ತು, ನಡುವೆ ಒಂದು ಚೂರು ಅರಿಸೆಲು ಬಾಯಿಗೆ ಹಾಕಿಕೊಳ್ಳಲೂ ಪುರುಸೊತ್ತಿತ್ತು. ಇದನ್ನೇ ಕೈಚಳಕ ಎನ್ನುವುದು ಎಂದು ಹೆಂಡತಿಗೆ ತಿಳಿಸಿ ಹೇಳಿದ. ಸಂಜೆಯ ಕಾಫಿಗೆ ಮುಂಚೆ ರಾಕ್ಷಸ ನೆಲಕ್ಕುರುಳಿದ. ಮನೆಯೆಲ್ಲ ಚಪ್ಪಾಳೆ. ಅತ್ತೆ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು.

ಗೆದ್ದವನು ಬುದ್ಧಿ ಹೇಳದೆ ಬಿಟ್ಟಾನೆಯೇ? ಮಾನವಂತರ ಆಟದಲ್ಲಿ ಕೆಳಗಿನ ಹಂತಗಳೇ ಇರಬಾರದು ಎಂದು ಫಣಿಗೆ ಉಪದೇಶ ಮಾಡಿದ.

"ಎಲ್ಲಕ್ಕಿಂತ ಕೆಳಗಿನ ಹಂತದ್ದೇ ನಮಗೆ ತಲೆನೋವಾಗಿತ್ತು, ಬಾವಗಾರು. ನಿಮ್ಮಿಂದ ಇವತ್ತು ಬಗೆಹರೀತು," ಎಂದ ಫಣಿ ಕೈಮುಗಿದು. ಹೆಸರನ್ನು ಆಟ ತೆರೆದ ಕೂಡಲೇ ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕುತ್ತೇವೆ ಎಂದೂ ಹೇಳಿದ.

ಯುಗಾದಿಯ ವೇಳೆಗೆ ಆಟ ಹೊರಬಂತು. ಭಾವನ ಮೇಲಿನ ಗೌರವಕ್ಕೆ ಕನ್ನಡದಲ್ಲೂ ಬಿಟ್ಟಿದ್ದರು. ವಿಶಾಖಪಟ್ಟಣದ ಮನೆಯಲ್ಲಿ ನಿಶಾಂತ್ ತನ್ನ ಚಾನೆಲ್‌ನಲ್ಲಿ ನೇರಪ್ರಸಾರ ಹಚ್ಚಿದ. ಒಲ್ಲೆನೆಂದ ಅಪ್ಪನನ್ನೂ ಎಳೆತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಸುಲಭದಲ್ಲಿ ಆಡುವ ಹೇಡಿಗಳಿಗೆ ಮನಸ್ವೀ ಉಗಿದು, ತನ್ನ ಹೆಸರನ್ನು ಅಪ್ಪನೇ ಗಟ್ಟಿಯಾಗಿ ಓದಲಿ ಎಂದು ಆಟ ತೆರೆದ.

ಪರದೆಯ ಮೇಲೆ 'ನಿಮ್ಮ ಹಂತ ಆರಿಸಿ' ಎಂದು ಬಂತು. ಇಂದುಧರರು ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಓದತೊಡಗಿದರು: ಅತಿ ಕಠಿಣ, ಕಠಿಣ, ಸಾಧಾರಣ, ಸುಲಭ. ಅದರ ಕೆಳಗೆ ಇನ್ನೊಂದಿತ್ತು. ಅದನ್ನು ಓದುವ ಮೊದಲು ಒಮ್ಮೆ ಮಗನ ಮುಖ ನೋಡಿದರು.

"ನಿಶಾಂತ್ ಬಾವಗಾರು."