ಮೊಣಕೈಯ ಬಣ್ಣ

ಅಪ್ಪನ ಅಂಗಿಯ ಮೊಣಕೈ ಮೇಲೆ ಇವತ್ತು ಹಸಿರು ಇತ್ತು.

ಚಪ್ಪಲಿ ಬಿಡುವುದಕ್ಕೂ ಪುರಸೊತ್ತು ಕೊಡದೆ ಮಗಳು ಅವನ ತೋಳು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಎಲೆ ಹಸಿರು! ಅಪ್ಪಾ, ಒಳಗೆ ಕಾಡು ಮಾಡ್ತಿದ್ದಾರೆ ಅಲ್ವಾ?"

"ಹೇಳೋ ಹಾಗಿಲ್ಲ ಕಣೇ. ಸಹಿ ಹಾಕಿಸ್ಕೊಂಡಿದ್ದಾರೆ."

"ಹೆತ್ತ ಮಗಳಿಗೂ?"

"ಹೆತ್ತೋಳು ನಿಮ್ಮಮ್ಮ. ನಾನು ಬರೀ ಪೇಂಟರು," ಎಂದು ಅಪ್ಪ ನಗುವನ್ನು ಮೀಸೆಯಲ್ಲೇ ಅಡಗಿಸಿ, ಅಂಗಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಬಚ್ಚಲಿಗೆ ಹೋದ.

ಅಮ್ಮ ಇದ್ದಾಗ ಇವರಿಬ್ಬರ ಮಾತು ಅವಳ ಮೂಲಕವೇ ಓಡಾಡುತ್ತಿತ್ತು. ಅವಳು ತೀರಿಕೊಂಡ ಮೇಲೆ ಎರಡು ವರ್ಷ ಈ ಮನೆಯಲ್ಲಿ ಉಳಿದದ್ದು 'ಇನ್ನಷ್ಟು ಹಾಕ್ಲಾ', 'ಸಾಕು' ಎಂಬೆರಡೇ ಮಾತು. ತಟ್ಟೆ ತೊಳೆದಿಟ್ಟರೆ ಮಗಳು ತನ್ನ ಕೋಣೆಗೆ, ಅಪ್ಪ ಜಗಲಿಗೆ. ಅಷ್ಟರಲ್ಲಿ ಅಪ್ಪ ಕೆಲಸ ಮಾಡುವ ಮನರಂಜನಾ ಪಾರ್ಕಿನವರು 'ಪಾತಾಳ ದೋಣಿ' ಎಂಬ ಆಟವನ್ನು ನಿಲ್ಲಿಸಿ ಸುತ್ತ ತಗಡು ಬಡಿದರು. ಕತ್ತಲ ಸುರಂಗದ ನೀರಿನಲ್ಲಿ ದೋಣಿ ಸಾಗುತ್ತಿದ್ದರೆ ಎರಡೂ ಕಡೆ ಹೆಡೆಯೆತ್ತಿದ ಹಾವುಗಳು. ಆ ಹಾವುಗಳಿಗೆಲ್ಲ ಇಪ್ಪತ್ತು ವರ್ಷ ಕಣ್ಣು ಬರೆದವನು ಅಪ್ಪ. ಈಗ ಹಾವು ತೆಗೆದು ಅಲ್ಲಿ ಬೇರೇನೋ ಮಾಡುತ್ತಾರಂತೆ. ಏನು ಎಂಬುದು ಗುಟ್ಟು. ಆ ದೋಣಿಯ ಹುಚ್ಚು ಹಿಡಿದ ಮುನ್ನೂರು ಜನ ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡು ಹಗಲೂ ರಾತ್ರಿ ಅದನ್ನೇ ಊಹಿಸುತ್ತಿದ್ದರು. ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವ ಮಗಳು ಅವರಲ್ಲೊಬ್ಬಳು. ಒಳಗಿನ ಸುದ್ದಿ ತರುವವಳೆಂದು ಅವಳಿಗೆ ಅಲ್ಲಿ ಎಲ್ಲಿಲ್ಲದ ಮರ್ಯಾದೆ. ಆ ನೆಪದಲ್ಲಿ ಮೂರು ತಿಂಗಳಿಂದ ದಿನಾ ಸಂಜೆ ಅವಳು ಬಾಗಿಲಲ್ಲೇ ಅಪ್ಪನಿಗೆ ಕಾಯುತ್ತಿದ್ದಳು.

"ಇವತ್ತು ಹಸಿರು," ಎಂದು ಗುಂಪಿಗೆ ಬರೆದು ಹಾಕಿದಳು.

"ನಾನು ಬಡ್ಕೊಂಡೆ, ಕಾಡು ಅಂತ!" ಗುಂಪಿನವರೆಲ್ಲ ಮೀಸೆ ಮೇಷ್ಟ್ರು ಎಂದು ಕರೆಯುವವರ ಉತ್ತರ ತಕ್ಷಣ ಬಂತು.

"ನೀಲಿ ಬಂದಾಗ ಸಮುದ್ರ ಅಂದೋರೂ ನೀವೇ ಮೇಷ್ಟ್ರೇ," ಎಂದು ಚುಚ್ಚಿದಳು, ಯಾವಾಗಲೂ ದೋಣಿಯ ಹಿಂದೆಯೇ ಕೂರುವುದರಿಂದ ಕೊನೇ ಸೀಟು ಎಂದು ಹೆಸರಾದವಳು. "ನೀಲಿ ಆಯ್ತು, ಹಳದಿ ಆಯ್ತು, ಈಗ ಹಸಿರು. ಇಡೀ ಭೂಮಿನೇ ಒಳಗೆ ಇಡ್ತಾರೋ ಏನೋ! ನಾನಂತೂ ಇವತ್ತು ಹೋಗಿದ್ದೆ. ತಗಡಿನ ಸಂದೀಲಿ ಏನೂ ಕಾಣ್ಲಿಲ್ಲ. ಗಾಡಿ ನಿಲ್ಸೋ ಜಾಗದಲ್ಲಿ ಈ ಯಜಮಾನ್ರು ಸಿಕ್ರು. ಒಳಗಿನ ಕೆಲಸಕ್ಕೆ ಬೇರೆ ಕಂಪನಿಯೋರು ಬಂದಿದ್ದಾರಂತೆ. ಹಳೇ ಪೇಂಟರುಗಳನ್ನ ತಗಡು ದಾಟೋಕೇ ಬಿಟ್ಟಿಲ್ವಂತೆ. ಪಾಪ, ಮೂರು ತಿಂಗಳಿಂದ ಕಲ್ಲಿಗೆ ಬಳೀತಿದ್ದಾರೆ."

ಜೊತೆಗೊಂದು ಫೋಟೋ. ಮಗಳು ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು. ಅಂಚುಗಲ್ಲುಗಳ ಸಾಲು, ಒಂದು ಕಪ್ಪು, ಒಂದು ಬಿಳಿ. ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹಾವಿನ ಕಣ್ಣು ಬರೆಯುವಾಗ ಬಾಗುತ್ತಿದ್ದಷ್ಟೇ ಬಾಗಿ, ಕಲ್ಲಿನ ಅಂಚು ತೀಡುತ್ತಿದ್ದ ಅಪ್ಪ. ಮೊಣಕೈ ಮೇಲೆ ಏನೂ ಇರಲಿಲ್ಲ.

ಬಚ್ಚಲಿನಲ್ಲಿ ನೀರು ಸುರಿಯುತ್ತಿತ್ತು. ಅವಳು ಎದ್ದು ಹೋಗಿ ಮೊಳೆಯಲ್ಲಿದ್ದ ಅಂಗಿಯ ತೋಳು ಹಿಡಿದು ನೋಡಿದಳು. ಕೆಲಸದಲ್ಲಿ ತಾಗಿದ ಬಣ್ಣ ಎಲ್ಲೆಂದರಲ್ಲಿ ಉಜ್ಜಿಕೊಂಡಿರುತ್ತದೆ. ಇದು ದುಂಡಗಿತ್ತು, ಹೆಬ್ಬೆರಳಿನಷ್ಟು. ಹಸಿರಿನೊಳಗೆ ಬೆರಳಿನ ಗೆರೆಗಳೂ ಮೂಡಿದ್ದವು.

ತೋಳನ್ನು ಮೊದಲಿದ್ದ ಹಾಗೇ ಇಳಿಬಿಟ್ಟಳು. ಆಮೇಲೆ ಹೋಗಿ ತಟ್ಟೆ ಹಾಕಿದಳು.

ತಲೆ ಒರೆಸಿಕೊಳ್ಳುತ್ತ ಬಂದ ಅಪ್ಪ ಅವಳ ಮುಖ ನೋಡಿದ. ಊಟ ಅರ್ಧವಾದರೂ ಪ್ರಶ್ನೆ ಬರದಿದ್ದಾಗ ತಾನೇ ಕೇಳಿದ. "ಏನಂತಾರೆ ನಿಮ್ಮೋರು? ಹಸಿರಿಗೆ?"

"ಏನೇನೋ ಅಂತಾರೆ ಬಿಡು."

"ಯಾಕೆ, ಬೇಜಾರಾಯ್ತಾ ನಿಂಗೆ?" ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ನಾಳೆ ಬೇರೆ ಕಡೆ ಹಾಕ್ತಾರೆ ಅನ್ಸುತ್ತೆ. ಕೆಂಪು ಇದ್ರೂ ಇರಬಹುದು."

ಅವಳು ನೀರು ಕುಡಿದು, "ಅಪ್ಪಾ, ಅವರದು ಹಾಗಿರ್ಲಿ," ಎಂದಳು. "ನಿನ್ನ ಕೈಗೇ ಬಿಟ್ಟಿದ್ರೆ ನೀನು ಏನು ಮಾಡ್ತಿದ್ದೆ ಒಳಗೆ?"

"ನನ್ನನ್ಯಾರು ಕೇಳ್ತಾರೆ?"

"ನಾನು ಕೇಳ್ತಿದ್ದೀನಲ್ಲ."

ಅಪ್ಪ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದ. "ಹತ್ತಿದ ಕೂಡ್ಲೇ ಕತ್ತಲೆ ಬೇಡ," ಎಂದ ಕೊನೆಗೆ. "ನೀನು ಚಿಕ್ಕೋಳಿದ್ದಾಗ ಅಲ್ಲೇ ಅಳೋಕೆ ಶುರು ಮಾಡ್ತಿದ್ದೆ. ಅಲ್ಲೊಂದು ಮರಿ ಹಾವು ಇಡ್ತಿದ್ದೆ. ನಿದ್ದೆ ಮಾಡ್ತಿರೋದು."

"ಹಾವು ಕಣ್ಣೇ ಮುಚ್ಚಲ್ವಲ್ಲಪ್ಪ. ನಿದ್ದೆ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಅದೇ ನೋಡು ಕಷ್ಟ!" ಎಂದು ಅಪ್ಪ ತಟ್ಟೆಯನ್ನು ಆಚೆ ಸರಿಸಿದ. ಎಡಗೈ ಬೆರಳನ್ನು ಲೋಟದ ನೀರಿಗೆ ಅದ್ದಿ ಮೇಜಿನ ಮೇಲೆ ಸುರಂಗದ ಏಳು ತಿರುವುಗಳನ್ನೂ ಎಳೆದ. ಮೊದಲನೆಯದರ ಬಳಿ ಒಂದು ಪುಟ್ಟ ಕಣ್ಣು ಬರೆದ, ತಲೆಯಾಡಿಸಿ ಅಳಿಸಿದ, ಮತ್ತೆ ಬರೆದ. ಮಗಳು ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. ಇಬ್ಬರ ಬಲಗೈಯಲ್ಲೂ ಎಂಜಲು ಒಣಗತೊಡಗಿತ್ತು.

ಮೊಬೈಲು ಗುಂಯ್‌ಗುಟ್ಟಿತು. "ಎಲ್ಲಿ ಹೋದ್ರಿ? ಒಳಗಿನ ಸುದ್ದಿ ಮತ್ತೇನಾದ್ರೂ ಇದೆಯಾ?" ಎಂದು ಮೀಸೆ ಮೇಷ್ಟ್ರು ಕೇಳಿದ್ದರು.

ಅವಳು ಎಡಗೈಯಲ್ಲೇ ಬರೆದಳು: "ಇನ್ನೂ ಮೊದಲ್ನೇ ತಿರುವಲ್ಲೇ ಇದ್ದೀವಿ."