ಉಪವಾಸ ಕೂತ ಮೀನು

ಗಾಜಿನ ತೊಟ್ಟಿಯ ಮೂಲೆಯಲ್ಲಿ ಕೆಂಪು ಮೀನು ಅಲುಗಾಡದೆ ನಿಂತಿತ್ತು. ಬೆಹಾಲಾದ ಹಳೆಯ ಮನೆಯಿಂದ ಸುಬಿಮಲ ಅದನ್ನು ಟ್ಯಾಕ್ಸಿಯಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದ. ಹೊಸ ಫ್ಲ್ಯಾಟಿಗೆ ಬಂದು ಮೂರು ದಿನವಾದರೂ ಅದು ಒಂದು ಕಾಳು ಮುಟ್ಟಿರಲಿಲ್ಲ.

"ಹಳೇ ನೀರನ್ನೇ ತಂದು ಹಾಕಿದೀವಲ್ರೀ, ಇನ್ನೇನಾಯ್ತು ಇದಕ್ಕೆ?" ಹೆಂಡತಿ ಝುಮುರ್‌ಳ ಕಣ್ಣು ಒದ್ದೆಯಾಗಿತ್ತು.

ಅಷ್ಟರಲ್ಲಿ ಸುಬಿಮಲನ ತಾಯಿ ನಿರುಪಮಾ ಅಡುಗೆಮನೆಯಿಂದ ಬಂದರು. "ಸಾಕೋದಾದ್ರೆ ಸಾರಿಗಾಗೋ ಮೀನು ಸಾಕ್ರೋ" ಎಂದು ಆರು ವರ್ಷ ಗೊಣಗಿದವರು, ಈಗ ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ಸೆರಗಿನ ಗಂಟಿನಿಂದ ನಾಲ್ಕು ಮಂಡಕ್ಕಿ ತೆಗೆದು ನೀರಿಗೆ ಹಾಕಿದರು. ಬೆರಳಿನಿಂದ ಗಾಜನ್ನು ಮೆಲ್ಲಗೆ ಕುಟ್ಟಿದರು.

"ಏನೋ ರಾಜಾ, ನನ್ನ ಮೇಲೂ ಕೋಪಾನಾ? ಸಾಮಾನು ಜೋಡಿಸೋದ್ರಲ್ಲಿ ಪುರುಸೊತ್ತೇ ಆಗ್ಲಿಲ್ಲ ಕಣೋ."

ಮೀನು ಬಾಲ ಬಡಿಯುತ್ತ ಮೇಲೇರಿ ಬಂದು ಮಂಡಕ್ಕಿಯನ್ನು ಗುಳುಂ ಮಾಡಿತು.

ಸುಬಿಮಲ ಬಾಯಿ ಬಿಟ್ಟು ನೋಡಿದ. "ಮಾ! ದಿನಾ ನೀನು ಇದಕ್ಕೆ ತಿನ್ನಿಸ್ತಿದ್ಯಾ?"

"ಮತ್ತೆ? ನೀವಿಬ್ರೂ ಆಫೀಸಿಗೆ ಹೋದ್ಮೇಲೆ ಮಧ್ಯಾಹ್ನ ನಂಗೆ ಜೊತೆ ಯಾರಿದ್ರು?" ಎನ್ನುತ್ತ ಅವರು ಇನ್ನೆರಡು ಕಾಳು ನೀರಿಗೆ ಹಾಕಿ, ಉಳಿದದ್ದನ್ನು ತಮ್ಮ ಬಾಯಿಗೆ ಹಾಕಿಕೊಂಡರು.