ಮುಳ್ಳಿರೋದೇ ಬೇಕು

ನರ್ಸರಿಯವನು ಎರಡು ಬ್ಲ್ಯಾಕ್‌ಬೆರಿ ಗಿಡ ತಂದು ಮುಂದಿಟ್ಟ. ಒಂದಕ್ಕೆ ಮೈತುಂಬ ಮುಳ್ಳು, ಇನ್ನೊಂದು ನುಣ್ಣಗಿತ್ತು.

"ಎಲ್ಲರೂ ಮುಳ್ಳಿಲ್ಲದ್ದನ್ನೇ ಒಯ್ತಾರೆ ಮೇಡಂ."

"ನನಗೆ ಮುಳ್ಳಿರೋದೇ ಬೇಕು," ಅಂದೆ. "ಕಾಂಪೌಂಡಿನ ಉದ್ದಕ್ಕೂ ತಂತಿ ಕಟ್ಟಿ ಹಬ್ಬಿಸ್ತೀನಿ. ದಿನಾ ನಾನು ಏಳೋದ್ರೊಳಗೆ ಯಾರೋ ಹೊರಗಿಂದ ಕೈ ಚಾಚಿ ನನ್ನ ಕೆಂಪು ದಾಸವಾಳಾನೆಲ್ಲ ಕಿತ್ಕೊಂಡು ಹೋಗ್ತಾರೆ. ನಮ್ಮ ದೇವರಿಗೆ ಒಂದು ಹೂವೂ ಉಳಿಯಲ್ಲ."

ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಂಬುಜಕ್ಕ ನುಣ್ಣನೆಯ ಗಿಡವನ್ನು ನನ್ನತ್ತ ಸರಿಸಿದರು. ತಮ್ಮ ಮನೆಯಲ್ಲಿ ತುಳಸಿ ಬಿಟ್ಟು ಇನ್ನೊಂದು ಗಿಡ ನೆಟ್ಟವರಲ್ಲ, ಆದರೂ ಗಿಡ ಆರಿಸುವ ಉತ್ಸಾಹ ಅವರಿಗೇ ಜಾಸ್ತಿ.

"ಇದನ್ನೇ ತಗೋಳೇ. ಹಣ್ಣು ಬಿಡಿಸುವಾಗ ಮಕ್ಕಳ ಕೈಗೆ ಚುಚ್ಚುತ್ತೆ."

"ನಮ್ಮನೇಲಿ ಮಕ್ಕಳೆಲ್ಲಿದಾರೆ ಅಕ್ಕಾ?"

"ಬೆಕ್ಕಿದೆಯಲ್ಲ!"

"ಅದು ಹಣ್ಣು ತಿನ್ನಲ್ಲ."

"ಆದ್ರೂ ಪಾಪ, ಹೂ ಕೀಳೋರು ದೇವರಿಗೆ ತಾನೇ ಕೀಳೋದು?"

"ಕೀಳಲಿ ಬಿಡಿ. ಕೈ ತರಚಿಕೊಂಡು ಕೀಳಲಿ," ಎಂದು ನಕ್ಕೆ. "ಆರು ಗಿಡ ಕೊಡಪ್ಪಾ. ಮುಳ್ಳು ಜಾಸ್ತಿ ಇರೋದನ್ನೇ ನೋಡಿ ಕೊಡು."

ಅವನು ಗಿಡಗಳನ್ನು ಆಟೋಗೆ ಏರಿಸಿದ. ನಾನು ಹತ್ತಿ ಕೂತೆ. ಅಂಬುಜಕ್ಕ ಹತ್ತಲಿಲ್ಲ. ಒಂದು ಮುಳ್ಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ಚುರುಕ್ಕೆಂದಾಗ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ನರ್ಸರಿಯವನ ಕಡೆ ತಿರುಗಿದರು.

"ಕೆಂಪು ದಾಸವಾಳದ ಗಿಡ ಇದ್ರೆ ನಂಗೊಂದು ಕೊಡಪ್ಪಾ. ನಮ್ಮ ದೇವರಿಗೆ ಅದೇ ರೂಢಿಯಾಗಿಬಿಟ್ಟಿದೆ."